ಔಷಧಿ ಚೀಟಿಯಲ್ಲಿ ಒಂದು ಆತ್ಮಕಥೆ

ಮೇಷ್ಟ್ರ ಹೆಂಡತಿ ಔಷಧಿ ಚೀಟಿ ಹಿಡಿದುಕೊಂಡು ವಾಪಸು ಬಂದರು. "ಡಾಕ್ಟ್ರೇ, ಮೊದಲ ನಾಲ್ಕು ಮಾತ್ರೆ ಸಿಕ್ಕಿದವು. ಐದನೆಯದು ಮೆಡಿಕಲ್ ಶಾಪಿನಲ್ಲಿ ಇಲ್ಲವಂತೆ. ಅದು ಆಯುರ್ವೇದದ್ದು ಇರಬೇಕು, ಗ್ರಂಧಿಗೆ ಅಂಗಡಿಯಲ್ಲಿ ಕೇಳಿ ಅಂದರು."

ನನಗೆ ನಗು ತಡೆಯಲಾಗಲಿಲ್ಲ. ಚೀಟಿಯಲ್ಲಿ ಐದನೆಯದಾಗಿ ನಾನು ಬರೆದಿದ್ದದ್ದು 'ನನ್ನ ರಸಯಾತ್ರೆ, ರಾತ್ರಿ ಊಟದ ನಂತರ ಹತ್ತು ಪುಟ' ಎಂದು. ನನ್ನ ಕೈಬರಹದ ದೆಸೆಯಿಂದ ಅಂಗಡಿಯ ಹುಡುಗನಿಗೆ 'ರಸ' ಎಂಬುದಷ್ಟೇ ಕಂಡಿತ್ತು! ಅದು ರಸವೂ ಅಲ್ಲ, ಭಸ್ಮವೂ ಅಲ್ಲ; ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನಸೂರರ ಆತ್ಮಕಥೆ.

ಮೇಷ್ಟ್ರಿಗೆ ನಿವೃತ್ತಿಯಾಗಿ ಎರಡು ವರ್ಷ. ಹೃದಯಾಘಾತವಾಗಿತ್ತು, ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ಇ.ಸಿ.ಜಿ., ಎಕೋ, ರಕ್ತದೊತ್ತಡ ಎಲ್ಲವೂ ತೃಪ್ತಿಕರವಾಗಿದ್ದವು. ಆದರೆ ಮನುಷ್ಯ ಮಾತ್ರ ಸರಿಹೋಗಿರಲಿಲ್ಲ. ಗಂಟೆಗೊಮ್ಮೆ ನಾಡಿ ಹಿಡಿದುಕೊಂಡು ಎಣಿಸುವುದು, ಮೊಬೈಲಿನಲ್ಲಿ ಬರುವ ಹೃದಯದ ಸುದ್ದಿಗಳನ್ನೆಲ್ಲ ಓದಿ ಬೆವರುವುದು, "ಇನ್ನೇನು ಉಳಿದಿದೆ ಬಿಡಿ" ಎಂದು ನಿಟ್ಟುಸಿರು ಬಿಡುವುದು. ಇದಕ್ಕೆ ಇನ್ನೊಂದು ಮಾತ್ರೆ ಬರೆಯುವ ಮನಸ್ಸು ನನಗಾಗಲಿಲ್ಲ. ಪುಸ್ತಕವನ್ನು ನಾನೇ ಮನೆಯಿಂದ ತಂದುಕೊಟ್ಟೆ.

ಮನಸೂರರನ್ನೇ ಏಕೆ ಆರಿಸಿದೆ? 1910ರಲ್ಲಿ ಧಾರವಾಡದ ಬಳಿಯ ಮನಸೂರಿನ ಕೃಷಿಕ ಮನೆತನದಲ್ಲಿ ಹುಟ್ಟಿದವರು ಅವರು. ಬಾಲಕನಾಗಿದ್ದಾಗಲೇ ನಾಟಕದ ಕಂಪನಿಯಲ್ಲಿ ಬಣ್ಣ ಹಚ್ಚಿದರು. ಮಿರಜಿನಲ್ಲಿ ನೀಲಕಂಠಬುವಾ ಅವರಲ್ಲಿ ಕಲಿತು, ಆಮೇಲೆ ಜೈಪುರ ಘರಾಣೆಯ ಮಂಜೀಖಾನರಲ್ಲಿ ಪಾಠಕ್ಕೆ ಕುಳಿತರು. ಆ ಗುರು 1937ರಲ್ಲಿ ತೀರಿಕೊಂಡರು. ದಾರಿ ಅಲ್ಲಿಗೇ ಮುಗಿಯಿತೆಂದು ಕೈಚೆಲ್ಲದೆ, ಗುರುವಿನ ತಮ್ಮ ಬುರ್ಜಿಖಾನರ ಮುಂದೆ ಮತ್ತೆ ಶಿಷ್ಯನಾಗಿ ಕುಳಿತರು. ಪದ್ಮಶ್ರೀ ಬಂದದ್ದು 1970ರಲ್ಲಿ. ಅಂದರೆ ನಮ್ಮ ಸರ್ಕಾರಿ ಲೆಕ್ಕದಲ್ಲಿ ಪಿಂಚಣಿ ಕಾಗದಕ್ಕೆ ಓಡಾಡುವ ವಯಸ್ಸು! ಪದ್ಮವಿಭೂಷಣ ಬಂದದ್ದು 1992ರಲ್ಲಿ, ಅವರು ತೀರಿಕೊಂಡ ವರ್ಷದಲ್ಲೇ. ಅರವತ್ತಕ್ಕೆ ಬದುಕು ಮುಗಿಯಿತು ಎನ್ನುವವರಿಗೆ ನಾನು ಹೇಳಬೇಕಾದ ಉಪದೇಶವನ್ನೆಲ್ಲ ಈ ಪುಸ್ತಕ ಉಪದೇಶವಿಲ್ಲದೆಯೇ ಹೇಳುತ್ತದೆ.

ತಿಂಗಳ ನಂತರ ಮೇಷ್ಟ್ರು ಬಂದಾಗ ನಾಡಿಯ ಮಾತು ಬರಲಿಲ್ಲ. "ಬುರ್ಜಿಖಾನರ ಕಾಲದ ರೆಕಾರ್ಡು ಎಲ್ಲಾದರೂ ಸಿಗುತ್ತದೆಯೇ ಡಾಕ್ಟ್ರೇ?" ಎಂದು ಕೇಳಿದರು. ಮಾತ್ರೆಗಳು ಅವೇ, ಹೃದಯವೂ ಅದೇ. ಮನುಷ್ಯ ಮಾತ್ರ ತನ್ನ ಎದೆಗೂಡಿನಿಂದ ಹೊರಗೆ ಬಂದಿದ್ದರು.

ಹಾರ್ಲಿಕ್ಸ್ ಬೇಡ, ಪುಸ್ತಕ ಒಯ್ಯಿರಿ

ಕಾಯಿಲೆ ಬಿದ್ದವರಿಗೆ ನಮ್ಮಲ್ಲಿ ಸಿಗುವುದು ಎರಡೇ. ಒಂದು, ಅರ್ಧ ಡಜನ್ ಸೇಬು ಮತ್ತು ಹಾರ್ಲಿಕ್ಸ್ ಬಾಟಲಿ. ರೋಗಿಗೆ ಸಕ್ಕರೆ ಕಾಯಿಲೆಯಿದ್ದರೂ ತಪ್ಪುವುದಿಲ್ಲ. ಎರಡು, "ಧೈರ್ಯವಾಗಿರಿ, ಏನೂ ಆಗೋಲ್ಲ" ಎಂಬ ಮಾತು. ಧೈರ್ಯವಾಗಿರುವುದು ಹೇಗೆಂದು ಯಾರೂ ಹೇಳುವುದಿಲ್ಲ. ಗೆಲ್ಲುವ ಸೂತ್ರಗಳನ್ನು ಪಟ್ಟಿ ಮಾಡಿಕೊಡುವ ಪುಸ್ತಕಗಳೂ ಈ 'ಧೈರ್ಯವಾಗಿರಿ'ಯ ದಪ್ಪ ರೂಪಗಳೇ. ಆತ್ಮಕಥೆ ಹಾಗಲ್ಲ. ಅದು ಒಬ್ಬ ಮನುಷ್ಯ ಹೆದರಿದ್ದು, ಎಡವಿದ್ದು, ಸುಳ್ಳು ಹೇಳಿದ್ದು, ನಕ್ಕಿದ್ದು, ಮತ್ತೆ ಎದ್ದದ್ದು ಎಲ್ಲವನ್ನೂ ಮುಂದಿಡುತ್ತದೆ. ಅದರಲ್ಲೂ ಆಟಗಾರರ, ಸಂಗೀತಗಾರರ, ರಂಗನಟರ ಆತ್ಮಕಥೆಗಳಿಗೆ ಒಂದು ವಿಶೇಷವಿದೆ. ಅವರೆಲ್ಲ ದೇಹವನ್ನೇ ನಂಬಿ ಅನ್ನ ತಿಂದವರು. ಬೆನ್ನು, ಗಂಟಲು, ಮೊಣಕಾಲು ಕೈಕೊಟ್ಟರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು.

ವಿದುಷಿ ಗಂಗೂಬಾಯಿ ಹಾನಗಲ್ ಅವರ 'ನನ್ನ ಬದುಕಿನ ಹಾಡು' ಓದಿ. ತಾರುಣ್ಯದಲ್ಲಿ ಅವರದು ತೆಳುವಾದ, ಎತ್ತರದ ದನಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಅದು ದಪ್ಪವಾಯಿತು. ಹಾಡುವ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಆಘಾತ ಯಾವುದಿದ್ದೀತು? ಅವರು ಆ ದಪ್ಪ ದನಿಯಲ್ಲೇ ಹಾಡಿದರು, ಅದೇ ಅವರ ಗುರುತಾಯಿತು. 2009ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕಣ್ಣುಗಳನ್ನು ದಾನ ಮಾಡಿ ಹೋದರು. ದನಿ ಒಡೆದು ಪಾಠ ಹೇಳಲಾಗದೆ ಅಳುತ್ತಿದ್ದ ಶಾಲಾ ಶಿಕ್ಷಕಿಯೊಬ್ಬರಿಗೆ ನಾನು ಈ ಪುಸ್ತಕ ಕೊಟ್ಟಿದ್ದೆ. (ದನಿ ಮೂರು ವಾರಕ್ಕಿಂತ ಹೆಚ್ಚು ಒಡೆದೇ ಇದ್ದರೆ, ಪುಸ್ತಕಕ್ಕಿಂತ ಮೊದಲು ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಬೀಡಿ ಸಿಗರೇಟು ಸೇದುವವರಂತೂ ತಡ ಮಾಡಲೇಬಾರದು.)

ನಗಬೇಕೆಂದರೆ ಸುನಿಲ್ ಗಾವಸ್ಕರ್ ಅವರ 'ಸನ್ನಿ ಡೇಸ್' ಇದೆ. ಹುಟ್ಟಿದ ಆಸ್ಪತ್ರೆಯಲ್ಲೇ ಅವರು ಅದಲುಬದಲಾಗಿದ್ದರು! ಕೂಸಿನ ಕಿವಿಯ ಬಳಿ ಸಣ್ಣ ತೂತೊಂದನ್ನು ಗಮನಿಸಿದ್ದ ಬಂಧುವೊಬ್ಬರು ಮರುದಿನ ಬಂದು ನೋಡಿದರೆ ತೊಟ್ಟಿಲಲ್ಲಿರುವ ಮಗುವಿಗೆ ಆ ತೂತೇ ಇಲ್ಲ. ಹುಡುಕಿದಾಗ ಕೂಸು ಮೀನುಗಾರ ಹೆಂಗಸೊಬ್ಬಳ ಪಕ್ಕದಲ್ಲಿ ಮಲಗಿತ್ತು. ಭಾರತದ ಕ್ರಿಕೆಟ್ಟಿನ ಚರಿತ್ರೆ ಒಂದು ಕಿವಿಯ ತೂತಿನ ಮೇಲೆ ನಿಂತಿತ್ತು ಅನ್ನಿ.

ನಮ್ಮವರೇ ಆದ ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ'ದಲ್ಲಿ ವೈದ್ಯರಿಗೆ ಸಂಬಂಧಿಸಿದ ಪ್ರಸಂಗವೊಂದಿದೆ. ಈ ಮಗು ಬೇಡವೆಂದು ತಾಯಿ ಪುಣೆಯಲ್ಲಿ ವೈದ್ಯೆಯೊಬ್ಬರ ಬಳಿ ಹೋಗಿದ್ದರಂತೆ. ಕಾದರೂ ವೈದ್ಯೆ ಬರಲಿಲ್ಲ, ಇವರು ಹಿಂತಿರುಗಿದರು. ಕಾರ್ನಾಡರು ತಮ್ಮ ಪುಸ್ತಕವನ್ನು ಆ ವೈದ್ಯೆಯ ನೆನಪಿಗೇ ಅರ್ಪಿಸಿದ್ದಾರೆ. ಸಮಯಕ್ಕೆ ಸರಿಯಾಗಿ ಬಾರದ ಡಾಕ್ಟರಿಗೆ ಯಾರಾದರೂ ಇಷ್ಟು ಕೃತಜ್ಞರಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ!

ಪರೀಕ್ಷೆಯಲ್ಲಿ ಫೇಲಾಗಿ ಮಂಕಾಗಿರುವ ಹುಡುಗರಿಗೆ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ 'ರಿಸ್ಟ್ ಅಶ್ಯೂರ್ಡ್' (2022) ಒಳ್ಳೆಯದು. 1969ರ ಕಾನ್ಪುರ ಟೆಸ್ಟ್‌ನಲ್ಲಿ, ಮೊಟ್ಟಮೊದಲ ಇನಿಂಗ್ಸಿನಲ್ಲಿ ಅವರು ಗಳಿಸಿದ್ದು ಸೊನ್ನೆ. ಎರಡನೆಯದರಲ್ಲಿ 137.

ನಾನು ತಲೆ ತಗ್ಗಿಸಿದ ಪುಸ್ತಕ

ಆದರೆ ಈ 'ಔಷಧ'ಕ್ಕೂ ಅಡ್ಡ ಪರಿಣಾಮಗಳಿವೆ. ಅದನ್ನು ಮುಚ್ಚಿಡುವುದು ವೈದ್ಯನಿಗೆ ಸಲ್ಲದು.

2010ರ ಸುಮಾರಿಗೆ ಇಪ್ಪತ್ತನಾಲ್ಕು ವರ್ಷದ ಯುವಕನೊಬ್ಬ ನನ್ನ ಬಳಿ ಬಂದ. ವೃಷಣದಲ್ಲಿ ನೋವಿಲ್ಲದ ಗಂಟು. ನಾಚಿಕೆಯಿಂದ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಬೆಂಗಳೂರಿಗೆ ಕಳಿಸಿದೆ. ಕ್ಯಾನ್ಸರ್ ಎಂದು ಖಚಿತವಾಯಿತು. ಶಸ್ತ್ರಚಿಕಿತ್ಸೆ, ಆಮೇಲೆ ಕಿಮೋಥೆರಪಿ. ಹುಡುಗ ಮಾತೇ ನಿಲ್ಲಿಸಿಬಿಟ್ಟ. ನಾನು ಅವನಿಗೆ ಅಮೆರಿಕದ ಸೈಕಲ್ ಓಟಗಾರ ಲಾನ್ಸ್ ಆರ್ಮ್‌ಸ್ಟ್ರಾಂಗ್ 2000ದಲ್ಲಿ ಪ್ರಕಟಿಸಿದ 'ಇಟ್ಸ್ ನಾಟ್ ಅಬೌಟ್ ದ ಬೈಕ್' ಕೊಟ್ಟೆ. ಆತನಿಗೂ ಇದೇ ಕ್ಯಾನ್ಸರ್. 1996ರಲ್ಲಿ ಪತ್ತೆಯಾದಾಗ ಶ್ವಾಸಕೋಶಕ್ಕೂ ಮೆದುಳಿಗೂ ಹರಡಿತ್ತು. ಆದರೂ ಬದುಕಿದ, ಮತ್ತೆ ಸೈಕಲ್ ಏರಿದ. ನನ್ನ ರೋಗಿ ಆ ಪುಸ್ತಕವನ್ನು ಕಿಮೋ ವಾರ್ಡಿಗೆ ಪ್ರತಿ ಸಲವೂ ಒಯ್ದ.

ಆಮೇಲೆ ನಡೆದದ್ದು ನಿಮಗೆ ಗೊತ್ತೇ ಇದೆ. 2012ರಲ್ಲಿ ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು ಕಿತ್ತುಕೊಂಡರು. 2013ರ ಜನವರಿಯಲ್ಲಿ ಆತ ದೂರದರ್ಶನದ ಮುಂದೆ ಕುಳಿತು, ನಿಷೇಧಿತ ಮದ್ದು ತೆಗೆದುಕೊಂಡೇ ಗೆದ್ದದ್ದೆಂದು ಒಪ್ಪಿಕೊಂಡ. ನನಗಾದ ನಾಚಿಕೆ ಅಷ್ಟಿಷ್ಟಲ್ಲ. ನಕಲಿ ಔಷಧಿ ಕೊಟ್ಟು ಸಿಕ್ಕಿಬಿದ್ದವನಂತಾಗಿದ್ದೆ.

ಹುಡುಗ ತಪಾಸಣೆಗೆ ಬಂದಾಗ ನಾನೇ ಮಾತು ತೆಗೆದೆ. "ಆ ಪುಸ್ತಕ ಕೊಟ್ಟದ್ದು ತಪ್ಪಾಯಿತಪ್ಪ" ಅಂದೆ. ಅವನು ಸ್ವಲ್ಪ ಯೋಚಿಸಿ ಹೇಳಿದ: "ಸೈಕಲ್ಲಿನ ಕಥೆ ಸುಳ್ಳಿರಬಹುದು ಸಾರ್. ಕೂದಲು ಉದುರಿದ್ದು, ವಾಂತಿ ಮಾಡಿದ್ದು ಸುಳ್ಳಲ್ಲವಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ ಪುಟ." ಆಮೇಲೆ ಇನ್ನೊಂದು ಮಾತು ಸೇರಿಸಿದ: "ಆದರೆ ಗೆದ್ದದ್ದು ಅವನಲ್ಲ ಸಾರ್, ಔಷಧಿ. ಅದನ್ನು ಅವನು ಇನ್ನೂ ಜೋರಾಗಿ ಬರೆಯಬೇಕಿತ್ತು."

ಈ ಮಾತನ್ನು ನಾನು ಮರೆತಿಲ್ಲ. ಮನೋಬಲವೊಂದೇ ಕ್ಯಾನ್ಸರನ್ನು ಗೆಲ್ಲುತ್ತದೆಂದು ಹೇಳಿದರೆ, ಗುಣವಾಗದೆ ಹೋದವರಿಗೆಲ್ಲ ಮನೋಬಲವಿರಲಿಲ್ಲ ಎಂದಂತಾಗುತ್ತದೆ. ಅದಕ್ಕಿಂತ ಕ್ರೂರವಾದ ಮಾತಿಲ್ಲ. ವೃಷಣದ ಕ್ಯಾನ್ಸರ್ ಬೇಗ ತೋರಿಸಿಕೊಂಡರೆ ಬಹುಮಟ್ಟಿಗೆ ವಾಸಿಯಾಗುವ ಕಾಯಿಲೆ. ಅದು ವಿಜ್ಞಾನದ ಗೆಲುವು. ಪುಸ್ತಕದ ಕೆಲಸ ಚಿಕಿತ್ಸೆಯ ನಡುವಿನ ರಾತ್ರಿಗಳನ್ನು ಕಳೆಯಲು ಜೊತೆ ಕೊಡುವುದಷ್ಟೇ.

ಈಗ ಇಂಥವರಿಗೆ ನಾನು ಯುವರಾಜ್ ಸಿಂಗ್ ಅವರ 'ದ ಟೆಸ್ಟ್ ಆಫ್ ಮೈ ಲೈಫ್' ಹೇಳುತ್ತೇನೆ. 2011ರ ವಿಶ್ವಕಪ್ಪಿನಲ್ಲಿ 362 ರನ್, 15 ವಿಕೆಟ್ ಗಳಿಸಿ ಸರಣಿಯ ಶ್ರೇಷ್ಠ ಆಟಗಾರನಾದ ಈತ, ಅಷ್ಟು ದಿನವೂ ಕೆಮ್ಮು, ಉಸಿರಾಟದ ತೊಂದರೆಯೊಂದಿಗೇ ಆಡುತ್ತಿದ್ದ. ಎರಡು ಶ್ವಾಸಕೋಶಗಳ ನಡುವೆ ಗಡ್ಡೆಯಿತ್ತು. 2012ರಲ್ಲಿ ಅಮೆರಿಕದಲ್ಲಿ ಕಿಮೋ ಪಡೆದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೆ ಭಾರತಕ್ಕೆ ಆಡಿದ. ಕೆಮ್ಮನ್ನು ಅಲಕ್ಷ್ಯ ಮಾಡಿದ್ದನ್ನೂ ಬಚ್ಚಿಟ್ಟಿಲ್ಲ. ಮೂರು ವಾರ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಇವೆರಡನ್ನು ಕಂಡರೆ ವಿಶ್ವಕಪ್ಪು ಮುಗಿಯುವವರೆಗೆ ಕಾಯಬೇಡಿ.

ಚಾಟಿಯಾಗದಿರಲಿ

ತಂದೆ ತಾಯಿಗಳಿಗೆ ಒಂದು ಮಾತು. ಇಂಥ ಪುಸ್ತಕ ಕೈಗೆ ಸಿಕ್ಕ ಕೂಡಲೇ ಮಕ್ಕಳ ಮೇಲೆ ಪ್ರಯೋಗಿಸುವ ಚಪಲ ನಮಗೆ. "ನೋಡು, ಮೇರಿ ಕೋಮ್ ಅವಳಿ ಮಕ್ಕಳ ತಾಯಿಯಾದ ಮೇಲೂ 2008ರಲ್ಲಿ ವಿಶ್ವ ಚಾಂಪಿಯನ್ ಆದಳು, ನಿನಗೆ ಐದು ಗಂಟೆಗೆ ಏಳಲು ಆಗೋಲ್ಲ!" ಎನ್ನುತ್ತೇವೆ. ಹೀಗೆಂದರೆ ಮಗು ಆ ಪುಸ್ತಕವನ್ನು ಜನ್ಮದಲ್ಲಿ ಮುಟ್ಟುವುದಿಲ್ಲ.

ಕ್ರಿಕೆಟ್ ಕೋಚಿಂಗಿನ ದಿನ ಮಾತ್ರ ಹೊಟ್ಟೆನೋವು ಬರುವ ಹನ್ನೆರಡರ ಹುಡುಗನನ್ನು ಅವನಪ್ಪ ಕರೆತಂದಿದ್ದರು. ಸ್ಕ್ಯಾನ್ ಬೇಕೇ ಎಂದು ಕೇಳಿದರು. ಬೇಡ ಅಂದೆ. ಅಪ್ಪನಿಗೆ ಟೆನಿಸ್ ಆಟಗಾರ ಆಂದ್ರೆ ಅಗಾಸ್ಸಿಯ 'ಓಪನ್' (2009) ಓದಲು ಹೇಳಿದೆ. ಅಗಾಸ್ಸಿಯ ತಂದೆ ಚೆಂಡೆಸೆಯುವ ಯಂತ್ರವೊಂದನ್ನು ಮಾಡಿಟ್ಟು, ಮಗ ದಿನಕ್ಕೆ 2,500 ಚೆಂಡು ಹೊಡೆಯಲೇಬೇಕೆಂದು ಕಟ್ಟುಮಾಡಿದ್ದರು. ಮಗ ಚಾಂಪಿಯನ್ ಆದದ್ದು ನಿಜ. ಆದರೆ ತನಗೆ ಟೆನಿಸ್ ಎಂದರೆ ದ್ವೇಷವಿತ್ತೆಂದು ಅವನೇ ಬರೆದಿದ್ದಾನೆ. ಬೆನ್ನುಮೂಳೆಯ ಹುಟ್ಟುದೋಷ, ನೋವಿನ ಇಂಜೆಕ್ಷನ್ನುಗಳು, ನಡುವೆ ಮಾದಕದ್ರವ್ಯ, ಅದನ್ನು ಮುಚ್ಚಲು ಹೇಳಿದ ಸುಳ್ಳು, ಎಲ್ಲವೂ ಅಲ್ಲಿವೆ. ಆ ತಂದೆ ಪುಸ್ತಕ ಪೂರ್ತಿ ಓದಿದರೋ ಇಲ್ಲವೋ, ಕೋಚಿಂಗ್ ವಾರಕ್ಕೆ ಎರಡು ದಿನಕ್ಕೆ ಇಳಿಯಿತು. ಹೊಟ್ಟೆನೋವಿಗೆ ನಾನು ಮತ್ತೆ ಔಷಧಿ ಕೊಡುವ ಪ್ರಸಂಗ ಬರಲಿಲ್ಲ.

ಸೇವಿಸುವ ಕ್ರಮ

ಕಾಯಿಲೆಯ ಹೆಸರು ತಿಳಿದ ದಿನವೇ ಪುಸ್ತಕ ಕೊಡಬೇಡಿ. ಆ ದಿನ ಪಕ್ಕದಲ್ಲಿ ಕುಳಿತರೆ ಸಾಕು. ಮೊದಲ ಅಧ್ಯಾಯದಿಂದಲೇ ಶುರು ಮಾಡಬೇಕೆಂಬ ನಿಯಮವಿಲ್ಲ, ಮುತ್ತಾತನ ವಂಶಾವಳಿಯನ್ನು ಹಾರಿಸಿ ಓದಬಹುದು. ಕಣ್ಣು ಮಂಜಾದವರಿಗೆ ಮನೆಯವರು ಓದಿ ಹೇಳಿ. ರೋಗಿಗೆ ಬೇಸರವಾದರೆ ಪುಸ್ತಕ ಬದಲಿಸಿ. ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ' ಒಬ್ಬರಿಗೆ ಹಿಡಿಸಿದರೆ, ಅವರ ಮೊಮ್ಮಗಳು ಬಿ. ಜಯಶ್ರೀ ಅವರ 'ಕಣ್ಣಾಮುಚ್ಚೇ ಕಾಡೇಗೂಡೇ' ಇನ್ನೊಬ್ಬರಿಗೆ ಹಿಡಿಸೀತು. ದುಡ್ಡು ಹಾಕಿ ಕೊಳ್ಳಲೇಬೇಕೆಂದಿಲ್ಲ, ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಒಂದು ಎಚ್ಚರಿಕೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ, ನಿದ್ರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಪುಸ್ತಕ ಸಾಲದು. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಅಂದಹಾಗೆ ಮೇಷ್ಟ್ರು 'ನನ್ನ ರಸಯಾತ್ರೆ'ಯನ್ನು ಇನ್ನೂ ಹಿಂತಿರುಗಿಸಿಲ್ಲ. ಕೇಳಿದರೆ ಪಕ್ಕದ ಬೀದಿಯಲ್ಲಿ ಕಾಲು ಮುರಿದುಕೊಂಡು ಮಲಗಿರುವ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಕೊಟ್ಟಿದ್ದಾರಂತೆ. ದಿನಕ್ಕೆ ಹತ್ತು ಪುಟ, ಊಟದ ನಂತರ ಎಂದೂ ಹೇಳಿದ್ದಾರಂತೆ.