ಶ್ರುತಪಂಚಮಿಯೂ ಗಣಕದ ಗ್ರಂಥಭಂಡಾರವೂ

ಕುದುರೆಮುಖದ ಮಗ್ಗುಲಲ್ಲಿರುವ ಕಳಸದಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಾಗದ, ಬಟ್ಟೆ, ಮರ ಯಾವುದೂ ಪೂರ್ತಿ ಒಣಗಿರುವುದಿಲ್ಲ. ಭೈರರಸ ಒಡೆಯರ ಕಳಸ–ಕಾರ್ಕಳ ರಾಜ್ಯವು ಹಬ್ಬಿದ್ದುದು ಇಂತಹ ಮಳೆಯ ಸೀಮೆಯಲ್ಲಿಯೇ. ಘಟ್ಟದ ಕೆಳಗಿನ ಮೂಡುಬಿದಿರೆಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಹಳಗನ್ನಡ ಲಿಪಿಯ ತಾಡಪತ್ರಗಳು ಶತಮಾನಗಳನ್ನು ದಾಟಿ ಬಂದಿವೆ. ಕೆಲವು ಓಲೆಗಳು ನಷ್ಟವಾಗಿದ್ದರೂ ಬಹುಭಾಗ ಉಳಿದುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ನಿಯತವಾದ ಆರೈಕೆಯೂ ಬೇಕಾಗಿತ್ತು.

ಪುಷ್ಪದಂತ–ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪೂರ್ಣಗೊಳಿಸಿದ ದಿನವೆಂದು ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ಅಂದು ಶ್ರುತಪೂಜೆಯೊಡನೆ ಗ್ರಂಥಗಳ ಕಟ್ಟು ಬಿಚ್ಚಿ, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ವಾಡಿಕೆಯಿದೆ. ಮಲೆನಾಡಿನಲ್ಲಿ ಈ ತಿಥಿ ಬರುವುದು ಮುಂಗಾರಿನ ಹೊಸ್ತಿಲಲ್ಲಿ. ನಿರ್ವಹಣೆಗೆ ಇದಕ್ಕಿಂತ ಉಚಿತವಾದ ಕಾಲ ಬೇರೊಂದಿಲ್ಲ.

ಓಲೆಗರಿಗಳ ಛಾಯಾಪ್ರತಿಗಳನ್ನು ಗಣಕಕ್ಕೆ ಏರಿಸುವ ಕಾರ್ಯ ಇಂದು ಉತ್ಸಾಹದಿಂದ ನಡೆಯುತ್ತಿದೆ. ಅದಕ್ಕೆ ಅನುದಾನವುಂಟು, ಉದ್ಘಾಟನೆಯುಂಟು. ಆಮೇಲಿನ ಆರೈಕೆಗೆ ಮಾತ್ರ ಗೊತ್ತಾದ ದಿನವಿಲ್ಲ. ಹಿಂದೊಮ್ಮೆ ಒಂದು ಭಂಡಾರದಲ್ಲಿ ಪಾಠಾಂತರ ನೋಡಲು ಸಿ.ಡಿ. ಕೇಳಿದೆ, ಅದು ತೆರೆಯಲೇ ಇಲ್ಲ. ಕೊನೆಗೆ ಮೂಲದ ಓಲೆಯನ್ನೇ ಬಿಚ್ಚಿಸಿ ಓದಬೇಕಾಯಿತು. ಆ ಓಲೆಯೂ ಇಲ್ಲದಿದ್ದರೆ ಪಾಠವೇ ಹೋಗುತ್ತಿತ್ತು.

ಆದುದರಿಂದ ಪ್ರತಿಯೊಂದು ಗಣಕಭಂಡಾರಕ್ಕೂ ಒಂದು ಪಂಚಾಂಗ ಬೇಕೆಂಬುದು ನನ್ನ ಅಭಿಮತ. ತಿಂಗಳಿಗೊಮ್ಮೆ ಚೆಕ್‌ಸಮ್ ಎಂಬ ತಾಳೆಸಂಖ್ಯೆಯಿಂದ ಕಡತಗಳು ಕೆಟ್ಟಿವೆಯೇ ಎಂದು ಪರೀಕ್ಷಿಸಬೇಕು. ಬ್ಯಾಕಪ್ ಪ್ರತಿಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿರಬೇಕು. ವರ್ಷಕ್ಕೊಮ್ಮೆ, ಸಿಡಿಲು–ವಿದ್ಯುತ್ ಕಡಿತಗಳ ಮಳೆಗಾಲಕ್ಕೆ ಮೊದಲೇ, ಆ ಪ್ರತಿಯಿಂದ ಇಡೀ ದತ್ತಸಂಚಯವನ್ನು ಮರಳಿ ಕಟ್ಟಿ ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಸೂಚಿಯ ಪರಿಷ್ಕರಣವೂ ಇದರಲ್ಲಿ ಸೇರಬೇಕು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟದಲ್ಲಿ ಕಳಸದ ಶಾಸನಗಳು ಕಡೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿವೆ. ಇಂದು ಜಿಲ್ಲೆ ಚಿಕ್ಕಮಗಳೂರು. ಕಳಸವೇ ಒಂದು ತಾಲ್ಲೂಕು. ಹಳೆಯ ಉಲ್ಲೇಖವನ್ನು ಅಳಿಸದೆ ಹೊಸ ಹೆಸರನ್ನು ಜೋಡಿಸದಿದ್ದರೆ, ಕಳಸ ತಾಲ್ಲೂಕೆಂದು ಹುಡುಕುವ ವಿದ್ಯಾರ್ಥಿಗೆ ಆ ಶಾಸನಗಳು ದೊರೆಯುವುದಿಲ್ಲ. ಅವು ಇಲ್ಲವೆಂದೇ ಅವನು ಬರೆದುಬಿಟ್ಟಾನು.

ಇದಕ್ಕಾಗಿ ಭಂಡಾರವನ್ನು ಒಂದೆರಡು ದಿನ ಮುಚ್ಚಬೇಕಾದೀತು. ಸಂಶೋಧಕರಿಗೆ ಮುಂಚಿತವಾಗಿ ತಿಳಿಸಿದರೆ ಯಾರೂ ಆಕ್ಷೇಪಿಸಲಾರರು. ಆಳು ಇಲ್ಲ, ಹಣವಿಲ್ಲ ಎಂಬ ಮಾತು ನಿಜವೇ. ಆದರೆ ಮೊದಲ ವೆಚ್ಚದಲ್ಲಿಯೇ ನಿರ್ವಹಣೆಯ ಪಾಲನ್ನು ತೆಗೆದಿರಿಸದ ಯೋಜನೆಯನ್ನು ಒಪ್ಪಿಕೊಳ್ಳಲೇಬಾರದು. ಪುರುಸೊತ್ತಾದಾಗ ಮಾಡೋಣವೆಂದರೆ ಆ ಕೆಲಸ ಎಂದೂ ಆಗದು. ನಮ್ಮ ಹಿರಿಯರು ಅದಕ್ಕೊಂದು ತಿಥಿಯನ್ನೇ ಗೊತ್ತುಮಾಡಿದ್ದಾರೆ. ಬರುವ ಶ್ರುತಪಂಚಮಿಯಂದು ಓಲೆಯ ಕಟ್ಟುಗಳೊಡನೆ ಗಣಕದ ಕಡತಗಳನ್ನೂ ಬಿಚ್ಚಿ ನೋಡೋಣ.