ಅಜ್ಜನ ಮುಟ್ಟಾಳೆ ಮತ್ತು ನನ್ನ ಹೆಲ್ಮೆಟ್ಟು

"ಎಂಥದ್ದು ಮಾರಾಯ ಇದು, ಮನೆಯೊಳಗೆ ಬೈಕು ಬಿಡ್ಲಿಕ್ಕುಂಟಾ?"

ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ನನ್ನ ಸೈಕಲ್ ಹೆಲ್ಮೆಟ್ಟನ್ನು ನೋಡಿ ಅಜ್ಜ ಕೇಳಿದ ಪ್ರಶ್ನೆ ಇದು. ಅವರು ಕೇಳಿದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಇನ್ನೂ ಖಾರವಾಗಿತ್ತು :-)

ವಿಷಯ ಏನೆಂದರೆ, ಕಳೆದ ಮಳೆಗಾಲದಲ್ಲಿ ಅಜ್ಜ ಬಿದ್ದರು. ನಮ್ಮ ಬಜಗೋಳಿಯ ಮಳೆ ಗೊತ್ತಲ್ಲ... ಕುದುರೆಮುಖ ಘಾಟಿಯ ಬುಡದ ಊರು, ಆಟಿ ತಿಂಗಳಲ್ಲಿ ಅಂಗಳಕ್ಕೆ ಪಾಚಿ ಹಿಡಿದರೆ ನಮ್ಮಂಥ ಪ್ರಾಯದವರೇ ಜಾರುತ್ತೇವೆ. ಎಂಬತ್ತೊಂದರ ಅಜ್ಜ ಹಿಮ್ಮುಖವಾಗಿ ಬಿದ್ದು ಹಿಂದಲೆಗೆ ಪೆಟ್ಟಾಯಿತು. ರಕ್ತ ಬರಲಿಲ್ಲ. ಸಣ್ಣ ಬುಗುಟು ಎದ್ದಿತ್ತು. ಎಣ್ಣೆ ಹಚ್ಚಿ ಎಲ್ಲರೂ ಮರೆತೆವು.

ಮೂರು ವಾರ ಕಳೆದ ಮೇಲೆ ಅವರು ಅಮ್ಮನನ್ನು ಅತ್ತೆಯ ಹೆಸರಿನಿಂದ ಕರೆಯತೊಡಗಿದರು. ಒಂದು ಕಾಲು ಎಳೆಯುತ್ತಿತ್ತು. ಪ್ರಾಯ ಆಯ್ತಲ್ಲ, ಅರಳುಮರಳು ಅಂದುಕೊಂಡೆವು. ಸ್ಕ್ಯಾನ್ ಮಾಡಿಸಿದಾಗ ತಲೆಯೊಳಗೆ ರಕ್ತ! ಡಾಕ್ಟರು ವಿವರಿಸಿದರು: ಪ್ರಾಯವಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಮೆದುಳಿನಿಂದ ಅದರ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದಂತಾಗುತ್ತವೆ, ಸಣ್ಣ ಪೆಟ್ಟಿಗೂ ಹರಿದು ವಾರಗಟ್ಟಲೆ ಜಿನುಗುತ್ತವೆ. ರಕ್ತ ತೆಳ್ಳಗಾಗುವ ಮಾತ್ರೆ ತಿನ್ನುವವರಿಗೆ ಅಪಾಯ ಇನ್ನೂ ಜಾಸ್ತಿ. ಆಪರೇಷನ್ ಆಯಿತು, ಅಜ್ಜ ಮನೆಗೆ ಬಂದರು. "ಇನ್ನೊಮ್ಮೆ ಬೀಳದ ಹಾಗೆ ನೋಡಿಕೊಳ್ಳಿ" ಅಂದರು ಡಾಕ್ಟರು. ಹಾಗಾಗಿ ಹೆಲ್ಮೆಟ್ಟು.

ಇಂಜಿನಿಯರಿಂಗ್ ಓದಿದ ತಪ್ಪಿಗೆ ಸ್ವಲ್ಪ ಲೆಕ್ಕ ಹಾಕಿದೆ. ಒಂದೂವರೆ ಮೀಟರು ಎತ್ತರದಿಂದ ತಲೆ ನೇರ ಕೆಳಗೆ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 19-20 ಕಿ.ಮೀ. ಹಳ್ಳಿ ರಸ್ತೆಯಲ್ಲಿ ಜೋರಾಗಿ ಹೊಡೆದ ಸೈಕಲ್ಲಿನ ವೇಗ! ಆ ವೇಗ 2 ಮಿಲಿಮೀಟರಿನಲ್ಲಿ ನಿಂತರೆ ಎಷ್ಟು ಆಘಾತವೋ, 20 ಮಿಲಿಮೀಟರಿನಲ್ಲಿ ನಿಂತರೆ ಅದರ ಹತ್ತನೇ ಒಂದು ಪಾಲು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲು ಮಾಡುವ ಕೆಲಸ ಇಷ್ಟೇ, ತಾನು ಜಜ್ಜಿಹೋಗಿ ತಲೆಗೆ ನಿಲ್ಲಲು ಜಾಗ ಕೊಡುವುದು. ಸೈಕಲ್ಲಿನಿಂದ ಬಿದ್ದನೋ ಬಚ್ಚಲಿನಲ್ಲಿ ಬಿದ್ದನೋ ಅಂತ ತಲೆ ಕೇಳುವುದಿಲ್ಲ.

ಆದರೆ ಕಾನೂನು, ಮಾರುಕಟ್ಟೆ ಎರಡೂ ಕೇಳುತ್ತವೆ. ನಮ್ಮ ರಾಜ್ಯದಲ್ಲಿ 2016ರಿಂದ ಬೈಕಿನ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. 2021ರಿಂದ ದೇಶದಲ್ಲಿ ಐ.ಎಸ್.ಐ. ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬರೀ ಬಿದ್ದು ಸಾಯುತ್ತಾರೆ. ಅವರಲ್ಲಿ ಅರುವತ್ತು ದಾಟಿದವರೇ ಹೆಚ್ಚು. ಅವರಿಗೆಂದು ಮಾಡಿದ ಟೊಪ್ಪಿಯನ್ನು ಕಾರ್ಕಳದಿಂದ ಉಡುಪಿಯವರೆಗೆ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ಇರಲಿ, ಅಜ್ಜ ಹೆಲ್ಮೆಟ್ ಹಾಕಿದರಾ? ಇಲ್ಲ. ಮೊಳೆಯಲ್ಲಿ ತೂಗುಹಾಕಿದರು. ಪಕ್ಕದ ಮೊಳೆಯಲ್ಲಿ ಅವರ ಹಳೆಯ ಮುಟ್ಟಾಳೆ ಇತ್ತು, ಅದೇ, ಅಡಿಕೆ ಹಾಳೆಯ ಟೊಪ್ಪಿ. ತೋಟದ ಕೆಲಸಕ್ಕೆ, ಹೊರೆ ಹೊರಲಿಕ್ಕೆ ಜೀವಮಾನವಿಡೀ ಹಾಕಿದವರು. ಚಳಿ ಬಂದರೆ ಮಂಕಿ ಕ್ಯಾಪು. ಮದುವೆಗೆ ಹೋದರೆ ಮುಂಡಾಸು. ತಲೆಗೆ ಏನಾದರೂ ಹಾಕಲು ಅಜ್ಜನ ತಕರಾರು ಯಾವತ್ತೂ ಇರಲಿಲ್ಲ. ತಕರಾರು ಇದ್ದದ್ದು "ನಾನು ಬೀಳುವವ" ಅಂತ ಊರಿಗೆ ಸಾರುವ ವಸ್ತುವಿನ ಬಗ್ಗೆ.

ಶಾಲೆಯಲ್ಲಿ ನನ್ನ ಕ್ಲಾಸಿನಲ್ಲಿ ಫಿಟ್ಸ್ ಬರುವ ಹುಡುಗನೊಬ್ಬನಿದ್ದ. ಹಣೆಯಲ್ಲಿ ಸದಾ ಒಂದು ಹೊಸ ಹೊಲಿಗೆ. ಅವನು ಹೆಲ್ಮೆಟ್ ಹಾಕಿ ಬಂದಿದ್ದರೆ ನಾವೇ ಅಡ್ಡಹೆಸರು ಇಡುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ? ಅದೇ ಕ್ರಿಕೆಟ್ ಕ್ಯಾಪಿನಂತೆ ಕಾಣುವುದಾಗಿದ್ದರೆ "ಒಮ್ಮೆ ಕೊಡೋ" ಅನ್ನುತ್ತಿದ್ದೆವು.

ಚಂದ ಕಾಣುವುದು ಶೋಕಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾವು ಬರೆದ ಸಾಫ್ಟ್‌ವೇರನ್ನು ಯಾರೂ ತೆರೆಯದಿದ್ದರೆ ಅದು ಎಷ್ಟು ಒಳ್ಳೆಯದಾದರೇನು? ಮೊಳೆಯಲ್ಲಿ ನೇತಾಡುವ ಹೆಲ್ಮೆಟ್ ಮೊಳೆಯನ್ನು ಮಾತ್ರ ಕಾಪಾಡುತ್ತದೆ. ಕನ್ನಡಕವನ್ನೇ ನೋಡಿ, ಅದೂ ಒಂದು ಕೊರತೆಗೆ ಹಾಕುವ ಸಾಧನವೇ. ಆದರೆ ಹತ್ತು ಫ್ರೇಮು ಹಾಕಿ ನೋಡಿ, ಕನ್ನಡಿ ಮುಂದೆ ನಿಂತು ಆರಿಸುತ್ತೇವೆ.

ಹಾಗಂತ ಚಂದವೊಂದೇ ಸಾಲದು. ಸ್ವೀಡನ್ನಿನಲ್ಲಿ 2005ರಲ್ಲಿ ಇಬ್ಬರು ವಿದ್ಯಾರ್ಥಿನಿಯರು ಕೂದಲು ಕೆಡದ ಸೈಕಲ್ ಹೆಲ್ಮೆಟ್ ಮಾಡಲು ಹೊರಟು, ಕುತ್ತಿಗೆಗೆ ಕಟ್ಟುವ, ಬಿದ್ದಾಗ ಉಬ್ಬುವ ಏರ್‌ಬ್ಯಾಗ್ ಮಾಡಿದರು. ಹೆಸರು ಹವ್ಡಿಂಗ್. ಬಹಳ ಜನ ಕೊಂಡರು. 2023ರಲ್ಲಿ ಸುರಕ್ಷತೆಯ ಪ್ರಶ್ನೆ ಎದ್ದು ಅಲ್ಲಿನ ಸರಕಾರಿ ಸಂಸ್ಥೆ ಮಾರಾಟ ನಿಲ್ಲಿಸಿತು, ಕಂಪನಿ ದಿವಾಳಿಯಾಯಿತು. ಮೊದಲು ಕೆಲಸ ಮಾಡಬೇಕು, ಆಮೇಲೆ ಚಂದ ಕಾಣಬೇಕು. ಎರಡೂ ಬೇಕು.

ಬಚ್ಚಲಿಗೆ ಹಿಡಿಕೆ, ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್, ರಾತ್ರಿ ಒಂದು ಸಣ್ಣ ದೀಪ, ಇವೆಲ್ಲ ಟೊಪ್ಪಿಗಿಂತ ಮೊದಲು ಆಗಬೇಕು. ನಾವೂ ಮಾಡಿದೆವು. ಆದರೂ ಮನುಷ್ಯ ಬೀಳುತ್ತಾನೆ.

ಕೊನೆಗೆ ಅಮ್ಮ ಒಂದು ಉಪಾಯ ಮಾಡಿದರು. ಅಜ್ಜನ ಉಣ್ಣೆಯ ಟೊಪ್ಪಿಯ ಒಳಗೆ, ಹಿಂದಲೆಯ ಕಡೆ, ದಪ್ಪ ಫೋಮ್ ಇಟ್ಟು ಹೊಲಿದರು. ಇದು ಪರೀಕ್ಷೆ ಮಾಡಿದ ವಸ್ತುವಲ್ಲ, ಇದನ್ನು ನಂಬಿ ಅಂತ ನಾನು ಹೇಳುವುದಿಲ್ಲ. ತರಚು ಗಾಯ ತಪ್ಪಿಸಬಹುದು, ಅಷ್ಟೆ. ಆದರೆ ಅಜ್ಜ ಅದನ್ನು ಹಾಕಿಕೊಂಡು, ಕನ್ನಡಿ ನೋಡಿ, ಬಜಗೋಳಿ ಪೇಟೆಗೆ ಹೋಗಿ ಚಾ ಕುಡಿದು ಬಂದರು.

ಈ ಹೊಲಿಗೆಯ ಕೆಲಸವನ್ನು ಲೆಕ್ಕ ಗೊತ್ತಿರುವವರು, ಬೀಳಿಸಿ ಪರೀಕ್ಷೆ ಮಾಡುವವರು, ನಮ್ಮ ಸೆಕೆಗೆ ಗಾಳಿಯಾಡುವಂತೆ, ನಮ್ಮ ಅಜ್ಜ-ಅಜ್ಜಿಯರ ತಲೆಗೆ ಒಪ್ಪುವಂತೆ ಮಾಡಬೇಕು. ಸಭೆಗೆ ಬಂದ ಅತಿಥಿಗಳಿಗೆ ಮುಟ್ಟಾಳೆ ತೊಡಿಸಿ ಫೋಟೋ ತೆಗೆಯುವ ಊರು ನಮ್ಮದು. ತಲೆಗೆ ಮರ್ಯಾದೆ ಮಾಡಲು ನಮಗೆ ಗೊತ್ತಿದೆ. ಬೀಳುವ ತಲೆಗೂ ಅಷ್ಟು ಮರ್ಯಾದೆ ಬೇಡವೇ?

ಏನಂತೀರಿ?