ಮೂಳೆ ಕೂಡಿತು, ನೋವು ಹೋಗಲಿಲ್ಲ

ಬೆಳಿಗ್ಗೆ ಎಂಟು ಗಂಟೆಗೆ ಬೇಗೂರಿನ ಬಸ್ ಸ್ಟಾಪಿನಲ್ಲಿ ನಿಂತರೆ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಹೊರಟ ಹೆಂಗಸರೇ ಕಾಣುತ್ತಾರೆ. ಹೋದ ವರ್ಷದವರೆಗೆ ನಮ್ಮ ಖಾಲಾ ಕೂಡ ಅವರಲ್ಲೊಬ್ಬರು. ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ಕೈ ಊದಿಕೊಂಡು ಉರಿಯತೊಡಗಿತು, ದುಪಟ್ಟಾ ತಾಗಿದರೂ ಕಿರುಚುತ್ತಿದ್ದರು. "ವಾಸಿಯಾಗಿದೆಯಲ್ಲ, ಇನ್ನೇನು ನಾಟಕ?" ಎಂದವರು ಹೊರಗಿನವರಲ್ಲ, ಮನೆಯವರಾದ ನಾವೇ.

ಅದು ನಾಟಕವಲ್ಲ. ಗಾಯ ಮಾಯ್ದ ಮೇಲೂ ನರಗಳು ಮತ್ತು ಮಿದುಳು ಅಪಾಯದ ಗಂಟೆ ಬಾರಿಸುತ್ತಲೇ ಇರುವುದುಂಟು. ಇದು ತಿಳಿಯದೆ ನಾವು ಮೊದಲು ಬೈದೆವು, ಆಮೇಲೆ ಕರುಣೆಯಿಂದ ಇನ್ನೊಂದು ತಪ್ಪು ಮಾಡಿದೆವು: ಕೈ ಅಲ್ಲಾಡಿಸಲೇ ಬಿಡಲಿಲ್ಲ. ಬೆರಳುಗಳು ಇನ್ನಷ್ಟು ಬಿಗಿದುಕೊಂಡವು.

ಫಿಸಿಯೋಥೆರಪಿಸ್ಟ್ ಒಬ್ಬರು ಸಿಕ್ಕ ಮೇಲೆ ದಾರಿ ಬದಲಾಯಿತು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ನೋಯುವ ಕೈಯನ್ನು ಅದರ ಹಿಂದೆ ಮರೆಮಾಡಿ, ಎಡಗೈ ಆಡಿಸಲು ಹೇಳಿದರು. ಕನ್ನಡಿಯಲ್ಲಿ ಕಾಣುವುದು ನೋವಿಲ್ಲದೆ ಆಡುವ ಬಲಗೈ! ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ, ಕತ್ತರಿಸಿಹೋದ ಕೈಯಲ್ಲೂ ನೋವು ಅನುಭವಿಸುವವರಿಗಾಗಿ ಈ ಉಪಾಯ ಹುಡುಕಿದರು. ಜೊತೆಗೆ ಹತ್ತಿ, ಟವಲು, ಉಣ್ಣೆ ಎಂದು ಒಂದೊಂದಾಗಿ ಚರ್ಮಕ್ಕೆ ಮುಟ್ಟಿಸುವುದು. ಇವತ್ತು ಒಂದು ಕರ್ಚೀಫು ಮಡಚಿದರೆ ನಾಳೆ ಎರಡು. ಮುಖ್ಯ ನಿಯಮ, ನೋವು ಏರುವ ಮೊದಲೇ ನಿಲ್ಲಿಸಬೇಕು. ಚೆನ್ನಾಗಿದ್ದ ದಿನವೂ ಹೆಚ್ಚು ಮಾಡಬಾರದು. ಇದು ಎಲ್ಲರಿಗೂ ಒಂದೇ ರೀತಿ ಫಲಿಸುವುದಿಲ್ಲ, ಬೇಗವಂತೂ ಫಲಿಸುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಇ.ಎಸ್.ಐ. ನಿಯಮದಲ್ಲಿ ಸಾಮಾನ್ಯ ಕಾಯಿಲೆಗೆ ವೇತನದ ಶೇ. 70ರಷ್ಟು ಸಿಗುವುದು ವರ್ಷಕ್ಕೆ 91 ದಿನ. ಮೂರು ತಿಂಗಳು ಮೀರಿದ ನೋವನ್ನೇ ವೈದ್ಯರು ದೀರ್ಘಕಾಲದ ನೋವು ಎನ್ನುವುದು. ಅಂದರೆ ಕಾಯಿಲೆಗೆ ಹೆಸರು ಬರುವ ಹೊತ್ತಿಗೆ ದುಡ್ಡು ನಿಂತಿರುತ್ತದೆ. ಖಾಲಾ ಕೆಲಸಕ್ಕೆ ಮರಳಿದಾಗ ಸೂಪರ್‌ವೈಸರ್ ಮೊದಲ ದಿನವೇ ಪೂರ್ತಿ ಪ್ರೊಡಕ್ಷನ್ ಕೇಳಿದರು. ಒಂದು ತಿಂಗಳು ನೂಲು ಕತ್ತರಿಸುವ ಕೆಲಸ, ಅದೂ ಅರ್ಧ ದಿನ ಕೊಟ್ಟಿದ್ದರೆ ಒಬ್ಬ ನುರಿತ ಟೈಲರ್ ಅವರಿಗೇ ಉಳಿಯುತ್ತಿದ್ದರು. ಹಂತಹಂತವಾಗಿ ಕೆಲಸಕ್ಕೆ ಮರಳುವುದೂ ಚಿಕಿತ್ಸೆಯ ಭಾಗವೇ. ಅದನ್ನು ಮಾಲೀಕರ ದಯೆಗೆ ಬಿಡದೆ ನಿಯಮದಲ್ಲೇ ಸೇರಿಸಬೇಕು.

ನಮ್ಮ ಕಾಲೇಜಿನ ಮಾತೂ ಬೇರೆಯಲ್ಲ. ಮಂಡಿ ನೋವಿನ ಗೆಳತಿ ಲ್ಯಾಬಿಗೆ ಮೆಟ್ಟಿಲು ಹತ್ತಿ ತಡವಾಗಿ ಬಂದರೆ ಹಾಜರಿ ಹೋಗುತ್ತದೆ. ಐದು ನಿಮಿಷ ಮೊದಲೇ ಹೊರಡಲು ಬಿಟ್ಟರೆ ಸಾಕಲ್ಲವೇ?

ಈಗ ಖಾಲಾ ದಿನಕ್ಕೆ ಹತ್ತು ನಿಮಿಷ ಮನೆಯ ಹೊಲಿಗೆ ಮಷಿನ್ ಮುಂದೆ ಕೂರುತ್ತಾರೆ. ಗಡಿಯಾರ ನೋಡುವ ಕೆಲಸ ನನ್ನದು. ಹನ್ನೊಂದನೇ ನಿಮಿಷಕ್ಕೆ ಎಬ್ಬಿಸಿದರೆ ಈಗೀಗ ನನ್ನನ್ನೇ ಬೈಯುತ್ತಾರೆ.